ರೋಗಿಗೆ ತಿಳಿಸಿ ಹೇಳುವ ಸಿಬ್ಬಂದಿಗೆ ಶಾಲು ಹೊದಿಸಬೇಕೋ, ಸಮಯ ಕೊಡಬೇಕೋ?

ಇನ್ಸುಲಿನ್ ಹಾಕಿಕೊಳ್ಳುವುದನ್ನು ಹೊಸ ರೋಗಿಯೊಬ್ಬರಿಗೆ ಸರಿಯಾಗಿ ಕಲಿಸಲು ಕಡಿಮೆಯೆಂದರೂ ಅರ್ಧ ಗಂಟೆ ಬೇಕು. ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಗೆ 40ರ ಸಿರಿಂಜೇ ಆಗಬೇಕು, 100ರದ್ದಕ್ಕೆ 100ರದ್ದೇ ಆಗಬೇಕು. ಅದಲು ಬದಲಾದರೆ ಪ್ರಮಾಣ ಎರಡೂವರೆ ಪಟ್ಟು ಹೆಚ್ಚು ಕಡಿಮೆಯಾಗುತ್ತದೆ. ಮೊಸರು ಬಣ್ಣದ ಇನ್ಸುಲಿನ್ ಆದರೆ ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು, ಕುಲುಕಬಾರದು. ಇಂದು ಚುಚ್ಚಿದ ಜಾಗಕ್ಕೇ ನಾಳೆಯೂ ಚುಚ್ಚಬಾರದು, ಎರಡು ಬೆರಳು ಆಚೆ ಸರಿಯಬೇಕು. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಮಣ್ಣಿನ ಮಡಕೆಯ ತಂಪು ಸಾಕು. ಕೈ ನಡುಗಿ ಬೆವರು ಕಿತ್ತುಕೊಂಡರೆ ಮೊದಲು ಬಾಯಿಗೆ ಸಕ್ಕರೆ, ಆಮೇಲೆ ಆಸ್ಪತ್ರೆಗೆ ಫೋನು. ಇಷ್ಟನ್ನೂ ಹೇಳಿ, ಅವರ ಕೈಯಲ್ಲೇ ಮಾಡಿಸಿ, ತಪ್ಪಿದಲ್ಲಿ ತಿದ್ದಿ, ಕಣ್ಣು ಮಂಜಾದ ಅಜ್ಜಿಯಾದರೆ ಸೊಸೆಯನ್ನೂ ಪಕ್ಕಕ್ಕೆ ಕೂರಿಸಿಕೊಂಡು ಮತ್ತೊಮ್ಮೆ ಮೊದಲಿನಿಂದ ಹೇಳಿದ ಮೇಲೆ ಕೇಸ್ ಶೀಟಿನಲ್ಲಿ ಉಳಿಯುವುದು ಒಂದೇ ಸಾಲು: ‘ಇನ್ಸುಲಿನ್ ಬಗ್ಗೆ ತಿಳಿವಳಿಕೆ ನೀಡಲಾಯಿತು.’ ಎರಡು ನಿಮಿಷದಲ್ಲಿ ಬಾಯಿಮಾತಿಗೆ ಹೇಳಿ ಹೋದವರು ಬರೆಯುವುದೂ ಅದೇ ಸಾಲನ್ನು.

ಇಪ್ಪತ್ತಾರು ವರ್ಷ ವಾರ್ಡುಗಳಲ್ಲಿ ಓಡಾಡಿದ ನನಗೆ ಈ ಒಂದು ಸಾಲಿನ ಮೇಲಿರುವ ನೋವು ಇನ್ನೂ ಆರಿಲ್ಲ. ಶಸ್ತ್ರಚಿಕಿತ್ಸೆಗೆ ಸರ್ಜನ್ ಹೆಸರಿರುತ್ತದೆ, ರಕ್ತಪರೀಕ್ಷೆಗೆ ಲ್ಯಾಬಿನ ಸಹಿ ಇರುತ್ತದೆ. ರೋಗಿಗೆ ತಿಳಿಸಿ ಹೇಳುವುದು ಮಾತ್ರ ಎಲ್ಲರ ಕೆಲಸ, ಆದ್ದರಿಂದ ಯಾರ ಹೆಸರಿಗೂ ಸೇರದ ಕೆಲಸ. ಅದನ್ನು ಮನಸ್ಸಿಟ್ಟು ಮಾಡುವವರನ್ನು ಗುರುತಿಸಬೇಕು ಎಂದು ಹೊರಡುವ ಆಡಳಿತದವರು, ನರ್ಸಿಂಗ್ ಸೂಪರಿಂಟೆಂಡೆಂಟರು, ಸಣ್ಣ ನರ್ಸಿಂಗ್ ಹೋಮ್ ನಡೆಸುವ ವೈದ್ಯರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಸಮಾರಂಭ ಮಾಡೋಣವೇ, ದುಡ್ಡು ಕೊಡೋಣವೇ, ಫೋಟೋ ಹಾಕೋಣವೇ? ಒಂದೊಂದನ್ನೂ ಹತ್ತಿರದಿಂದ ಕಂಡವಳಾಗಿ ಇಲ್ಲಿ ಹೋಲಿಸುತ್ತಿದ್ದೇನೆ.

ಮೊದಲು ಅಳತೆಗೋಲು

ಯಾವ ದಾರಿ ಹಿಡಿದರೂ ಒಂದು ತೀರ್ಮಾನ ಮೊದಲೇ ಆಗಬೇಕು. ನಾವು ಗೌರವಿಸುವುದು ಹೇಳಿದ್ದನ್ನೋ, ರೋಗಿಗೆ ತಿಳಿದದ್ದನ್ನೋ?

ಇವೆರಡರ ನಡುವಿನ ಕಂದಕ ದೊಡ್ಡದು. ರಾಯ್ ಕೆಸೆಲ್ಸ್ ಎಂಬ ಡಚ್ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ವೈದ್ಯಕೀಯ ಸಿಬ್ಬಂದಿ ಹೇಳಿದ ಮಾಹಿತಿಯಲ್ಲಿ ಶೇ 40ರಿಂದ 80ರಷ್ಟನ್ನು ರೋಗಿಗಳು ಆ ಕೂಡಲೇ ಮರೆಯುತ್ತಾರೆ. ನೆನಪಿನಲ್ಲಿ ಉಳಿದದ್ದರಲ್ಲೂ ಸುಮಾರು ಅರ್ಧ ತಪ್ಪಾಗಿರುತ್ತದೆ. ಅದೇ ವರ್ಷ ಡೀನ್ ಶಿಲಿಂಜರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಮಧುಮೇಹದ ರೋಗಿಗಳು ಮತ್ತು ವೈದ್ಯರ ಮಾತುಕತೆಯನ್ನು ಧ್ವನಿಮುದ್ರಿಸಿ ಪರಿಶೀಲಿಸಿದರು. 61 ಭೇಟಿಗಳ ಪೈಕಿ ಬರೀ 12ರಲ್ಲಿ ವೈದ್ಯರು ‘ಈಗ ನಾನು ಹೇಳಿದ್ದು ನಿಮಗೆ ಹೇಗೆ ಅರ್ಥವಾಯಿತು’ ಎಂದು ವಿಚಾರಿಸಿದ್ದರು. ಹಾಗೆ ವಿಚಾರಿಸಿಕೊಂಡ ರೋಗಿಗಳ ಸಕ್ಕರೆಯ ಮಟ್ಟ ಹತೋಟಿಯಲ್ಲಿರುವ ಸಾಧ್ಯತೆಯೂ ಹೆಚ್ಚಾಗಿತ್ತು.

ಹಾಗಾಗಿ ನನ್ನ ಅಳತೆಗೋಲು ಇದು: ರೋಗಿ ತನ್ನ ಮಾತಿನಲ್ಲಿ ತಿರುಗಿ ಹೇಳಿದರೇ, ತನ್ನ ಕೈಯಲ್ಲಿ ಮಾಡಿ ತೋರಿಸಿದರೇ? ಎಷ್ಟು ಜನರಿಗೆ ಉಪನ್ಯಾಸ ಕೊಟ್ಟಿರಿ, ಎಷ್ಟು ಕರಪತ್ರ ಹಂಚಿದಿರಿ ಎಂಬುದನ್ನು ಎಣಿಸಿ ಬಹುಮಾನ ಕೊಡುವ ಯಾವ ಯೋಜನೆಯನ್ನೂ ನಾನು ಒಪ್ಪಲಾರೆ. ಮುಂದಿನ ಹೋಲಿಕೆಯೆಲ್ಲ ಈ ಗೋಲಿನಿಂದಲೇ.

ವರ್ಷಕ್ಕೊಮ್ಮೆ ಸಮಾರಂಭ

ಮೇ 12, ಫ್ಲಾರೆನ್ಸ್ ನೈಟಿಂಗೇಲರ ಜನ್ಮದಿನ. ದೀಪ ಬೆಳಗುವುದು, ಪ್ರತಿಜ್ಞೆ, ಭಾಷಣ, ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕ. ಇದನ್ನು ಕೀಳಾಗಿ ಕಾಣುವವರಿದ್ದಾರೆ, ನಾನು ಕಾಣುವುದಿಲ್ಲ. ರಾತ್ರಿ ಡ್ಯೂಟಿಗೆ ಹೊರಟಾಗ ಮುಖ ಗಂಟಿಕ್ಕಿಕೊಳ್ಳುವ ಮನೆಯವರು ಸಭೆಯ ಮುಂದಿನ ಸಾಲಿನಲ್ಲಿ ಕುಳಿತು ಸೊಸೆಗೆ ಶಾಲು ಹೊದಿಸುವುದನ್ನು ನೋಡುತ್ತಾರಲ್ಲ, ಆ ಗಳಿಗೆಗೆ ಬೆಲೆಯಿದೆ. ಆ ಬೆಲೆ ಬೇರೆ ಯಾವ ಆಯ್ಕೆಯಲ್ಲೂ ಸಿಗುವುದಿಲ್ಲ.

ತೊಂದರೆ ಬೇರೆ ಕಡೆ ಇದೆ. ವೇದಿಕೆಗೆ ಕರೆಯುವವರನ್ನು ಹೆಚ್ಚಾಗಿ ಹಿರಿತನ ನೋಡಿ ಆರಿಸುತ್ತಾರೆ. ಆ ದಿನ ಐಸಿಯುನಲ್ಲಿ ಡ್ಯೂಟಿ ಇದ್ದವರು ಚಪ್ಪಾಳೆಯ ಸದ್ದನ್ನು ದೂರದಿಂದ ಕೇಳುತ್ತಾರೆ. ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ನನಗೂ ಒಂದು ಪ್ರಮಾಣಪತ್ರ ಬಂತು: ‘ಉತ್ತಮ ಸೇವೆಗಾಗಿ’. ಯಾವ ಸೇವೆ ಎಂದು ಕೊಟ್ಟವರಿಗೂ ತಿಳಿದಿರಲಿಲ್ಲ, ಪಡೆದ ನನಗೂ ತಿಳಿಯಲಿಲ್ಲ. ಮರುದಿನ ಯಾವುದನ್ನು ಇನ್ನಷ್ಟು ಮಾಡಬೇಕು ಎಂದು ಅದರಿಂದ ಕಲಿಯುವಂತಿರಲಿಲ್ಲ.

ಇನ್ನೊಂದು ಕೊರತೆ ಎಂದರೆ, ದಾದಿಯರ ದಿನದಂದು ಮಾಡಿದರೆ ಉಳಿದವರು ಹೊರಗೇ ಉಳಿಯುತ್ತಾರೆ. ಇನ್ಹೇಲರ್ ಎಳೆದು ಹತ್ತು ಸೆಕೆಂಡು ಉಸಿರು ಹಿಡಿಯಬೇಕು, ಸ್ಟೀರಾಯ್ಡ್ ಇರುವ ಇನ್ಹೇಲರ್ ಆದರೆ ಆಮೇಲೆ ಬಾಯಿ ಮುಕ್ಕಳಿಸಬೇಕು ಎಂದು ಔಷಧಿ ಕೌಂಟರಿನಲ್ಲಿ ನಿಂತು ತೋರಿಸುವ ಫಾರ್ಮಸಿಸ್ಟ್, ಪಾರ್ಶ್ವವಾಯು ಬಡಿದ ತಂದೆಯನ್ನು ಎರಡು ಗಂಟೆಗೊಮ್ಮೆ ಹೊರಳಿಸುವುದನ್ನು ಮಗನಿಗೆ ಕಲಿಸುವ ಫಿಸಿಯೋಥೆರಪಿಸ್ಟ್, ಮುದ್ದೆ ಬಿಡಬೇಕಾಗಿಲ್ಲ, ಅಳತೆ ಇಳಿಸಿದರೆ ಸಾಕು ಎಂದು ಸಮಾಧಾನದಿಂದ ಹೇಳುವ ಆಹಾರ ತಜ್ಞೆ, ಇವರೆಲ್ಲ ಕಲಿಸುವವರೇ. ಹಾಗಾಗಿ ಸಮಾರಂಭವೇ ಬೇಕೆಂದಿದ್ದರೆ ಬೇರೆ ದಿನ ಹುಡುಕಿ ಎಂದು ನನ್ನ ಸಲಹೆ. ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನ, 2019ರಿಂದ ನಡೆದುಕೊಂಡು ಬಂದಿದೆ; ಎಲ್ಲ ವಿಭಾಗದವರಿಗೂ ಹೊಂದುತ್ತದೆ. ಹೆಲೆನ್ ಆಸ್ಬೋರ್ನ್ ಎಂಬ ಅಮೆರಿಕದ ಮಹಿಳೆ 1999ರಲ್ಲಿ ಅಕ್ಟೋಬರ್ ತಿಂಗಳನ್ನು ‘ಆರೋಗ್ಯ ಸಾಕ್ಷರತೆಯ ತಿಂಗಳು’ ಎಂದು ಆರಂಭಿಸಿದರು, ಅದೂ ಆಗಬಹುದು. ವಿಭಾಗಕ್ಕೆ ಸೀಮಿತವಾಗಿ ಮಾಡುವುದಾದರೆ ಕ್ಷಯಕ್ಕೆ ಮಾರ್ಚ್ 24, ಹೆರಿಗೆ ವಾರ್ಡಿಗೆ ಆಗಸ್ಟ್ ಮೊದಲ ವಾರದ ಸ್ತನ್ಯಪಾನ ಸಪ್ತಾಹ, ಮಧುಮೇಹಕ್ಕೆ ನವೆಂಬರ್ 14.

ತಿಂಗಳ ಫೋಟೋ

ಲಿಫ್ಟಿನ ಪಕ್ಕ ‘ಈ ತಿಂಗಳ ಉತ್ತಮ ಸಿಬ್ಬಂದಿ’ ಎಂದು ಫೋಟೋ ಹಾಕುವುದು ಅಗ್ಗ, ಸುಲಭ. ಎರಡನೇ ಸುತ್ತಿಗೆ ಬರುವ ಹೊತ್ತಿಗೆ ಸರದಿಯಂತೆ ಎಲ್ಲರ ಫೋಟೋವೂ ಬರುತ್ತದೆ, ಅಲ್ಲಿಗೆ ಅದರ ತೂಕ ಹೋಗುತ್ತದೆ. ಫೋಟೋದ ಕೆಳಗೆ ಅವರು ಏನು ಮಾಡಿದರು ಎಂದು ಎರಡು ವಾಕ್ಯ ಬರೆಯುವ ಶ್ರಮ ತೆಗೆದುಕೊಳ್ಳುವುದಾದರೆ ಮಾತ್ರ ಮಾಡಿ.

ನಗದು

ನರ್ಸುಗಳ ಸಂಬಳ ಎಷ್ಟೆಂದು ಬಲ್ಲವರು ಯಾರೂ ದುಡ್ಡನ್ನು ಹಗುರವಾಗಿ ಕಾಣಲಾರರು. ಗುತ್ತಿಗೆಯ ಮೇಲೆ ಇರುವವರಿಗಂತೂ ಸಾವಿರ ರೂಪಾಯಿಯೂ ದೊಡ್ಡದೇ. ಆದರೂ ತಿಳಿವಳಿಕೆ ಕೊಡುವ ಕೆಲಸಕ್ಕೆ ತಲೆಗಿಷ್ಟು ಎಂದು ದರ ಕಟ್ಟುವುದನ್ನು ನಾನು ವಿರೋಧಿಸುತ್ತೇನೆ.

ಕಾರಣಗಳಲ್ಲಿ ಮೊದಲನೆಯದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಕಡೆ ಡಿಸ್ಚಾರ್ಜ್ ಸಲಹೆಗೆ ಒಬ್ಬ ರೋಗಿಗೆ ಇಷ್ಟು ಎಂದು ಗೊತ್ತುಪಡಿಸಿದರು. ಎರಡೇ ತಿಂಗಳಲ್ಲಿ ರಿಜಿಸ್ಟರ್ ತುಂಬಿ ತುಳುಕಿತು. ಹಾಸಿಗೆಯ ಬಳಿ ಕಳೆಯುವ ಹೊತ್ತು ಮಾತ್ರ ಹೆಚ್ಚಲಿಲ್ಲ. ಮೊದಲು ದುಡ್ಡಿಲ್ಲದೆ ಅರ್ಧ ಗಂಟೆ ಕೂರುತ್ತಿದ್ದ ಹಿರಿಯ ಸಿಸ್ಟರ್ ಒಬ್ಬರು ಬೇಸರದಿಂದ ದೂರ ಸರಿದರು. ಅವರ ಅರ್ಧ ಗಂಟೆಗೂ ಇನ್ನೊಬ್ಬರ ಎರಡು ನಿಮಿಷಕ್ಕೂ ಒಂದೇ ಬೆಲೆ ಬಂದಿತ್ತು.

ಎರಡನೆಯದು ಅರ್ಥಶಾಸ್ತ್ರಜ್ಞರು ಕಂಡದ್ದು. ಯೂರಿ ನೀಜಿ ಮತ್ತು ಆಲ್ಡೋ ರುಸ್ಟಿಕಿನಿ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಸ್ರೇಲಿನ ಪ್ರೌಢಶಾಲಾ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ದಾನ ಸಂಗ್ರಹಿಸಬೇಕಾಗಿತ್ತು. ಒಂದು ಗುಂಪಿಗೆ ಏನೂ ಇಲ್ಲ, ಇನ್ನೊಂದಕ್ಕೆ ಸಂಗ್ರಹದ ಶೇ 1ರಷ್ಟು ಭತ್ಯೆ, ಮೂರನೆಯದಕ್ಕೆ ಶೇ 10. ಹೆಚ್ಚು ಸಂಗ್ರಹಿಸಿದ್ದು ಏನೂ ಪಡೆಯದ ಗುಂಪು. ಎಲ್ಲಕ್ಕಿಂತ ಕಡಿಮೆ ಶೇ 1 ಪಡೆದ ಗುಂಪು. ಒಳ್ಳೆಯ ಮನಸ್ಸಿನಿಂದ ಮಾಡುವ ಕೆಲಸಕ್ಕೆ ಮೂಗಿಗೆ ತುಪ್ಪ ಸವರಿದಷ್ಟು ಹಣ ಸೇರಿದರೆ ಆ ಮನಸ್ಸು ಹೋಗುತ್ತದೆ, ಹಣವೂ ಸಾಲುವುದಿಲ್ಲ.

ದುಡ್ಡು ಕೊಡಲೇಬೇಕೆಂದರೆ ತಂಡಕ್ಕೆ ಕೊಡಿ. ಸರ್ಕಾರಿ ಆಸ್ಪತ್ರೆಗಳಿಗೆ ಇದರ ಮಾದರಿ ಕೈಯಲ್ಲೇ ಇದೆ. 2015ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆರಂಭಿಸಿದ ಕಾಯಕಲ್ಪ ಪ್ರಶಸ್ತಿ ಸ್ವಚ್ಛತೆಗೆ, ಸೋಂಕು ನಿಯಂತ್ರಣಕ್ಕೆ ಸಲ್ಲುವಂಥದ್ದು. ಬಂದ ಹಣದಲ್ಲಿ ಶೇ 75 ಆಸ್ಪತ್ರೆಯ ಸುಧಾರಣೆಗೆ ಹೋಗುತ್ತದೆ, ಶೇ 25 ಸಿಬ್ಬಂದಿಯ ತಂಡಕ್ಕೆ. ಕಸ ಗುಡಿಸುವವರಿಂದ ವೈದ್ಯರವರೆಗೆ ಒಂದೇ ತಂಡ ಎಂಬ ಭಾವನೆ ಆ ಹಂಚಿಕೆಯಲ್ಲಿ ಇದೆ. ತಿಳಿವಳಿಕೆಯ ಕೆಲಸಕ್ಕೂ ವಾರ್ಡನ್ನೇ ಘಟಕವಾಗಿ ಹಿಡಿದರೆ ರಿಜಿಸ್ಟರ್ ತುಂಬಿಸುವ ಚಪಲ ಕಡಿಮೆಯಾಗುತ್ತದೆ.

ರೋಗಿಯ ಬಾಯಿಂದಲೇ

ನನಗೆ ಎಲ್ಲಕ್ಕಿಂತ ಪ್ರಿಯವಾದ ದಾರಿ ಇದು. ಹಾಗೆಂದು ಇದರ ದೋಷಗಳನ್ನು ಮುಚ್ಚಿಡುವುದಿಲ್ಲ.

ಅಮೆರಿಕದಲ್ಲಿ ಡೈಸಿ ಎಂಬ ಪ್ರಶಸ್ತಿ ಇದೆ. ಪ್ಲೇಟ್‌ಲೆಟ್ ಕುಸಿಯುವ ಐಟಿಪಿ ಕಾಯಿಲೆಯಿಂದ 33ನೇ ವಯಸ್ಸಿಗೆ 1999ರಲ್ಲಿ ತೀರಿಕೊಂಡ ಪ್ಯಾಟ್ರಿಕ್ ಬಾರ್ನ್ಸ್ ಅವರ ನೆನಪಿಗಾಗಿ ಅವರ ಮನೆಯವರು ಅದನ್ನು ಕಟ್ಟಿದರು. ಮಗನನ್ನು ಕಳೆದುಕೊಂಡವರು ನರ್ಸುಗಳಿಗೆ ಕೃತಜ್ಞತೆ ಹೇಳಲು ದಾರಿ ಹುಡುಕಿದರು. ಹೆಸರು ಸೂಚಿಸುವವರು ರೋಗಿಗಳು, ಮನೆಯವರು, ಜೊತೆಯ ಕೆಲಸಗಾರರು. ಆಸ್ಪತ್ರೆಯಲ್ಲಿ ಊಟವೇ ಸೇರದಿದ್ದ ಪ್ಯಾಟ್ರಿಕ್ ಒಂದು ದಿನ ತಂದೆ ತಂದಿದ್ದ ದಾಲ್ಚಿನ್ನಿ ರೋಲನ್ನು ರುಚಿ ನೋಡಿ, ನಾಳೆ ತರುವಾಗ ನರ್ಸುಗಳಿಗೂ ತನ್ನಿ ಎಂದಿದ್ದರಂತೆ. ಅದಕ್ಕಾಗಿ ಈ ಪ್ರಶಸ್ತಿಯ ಸಂಭ್ರಮದಲ್ಲಿ ಇಂದಿಗೂ ಇಡೀ ವಾರ್ಡಿಗೆ ಆ ರೋಲ್ ಹಂಚುತ್ತಾರೆ. ಗೆದ್ದವರೊಬ್ಬರೇ ತಿನ್ನುವುದಿಲ್ಲ, ಎಲ್ಲರೂ ತಿನ್ನುತ್ತಾರೆ. ನಮ್ಮಲ್ಲಿ ಅದರ ಬದಲು ಮೈಸೂರು ಪಾಕ್ ಹಂಚಿದರೂ ಅರ್ಥ ಅದೇ.

ನಮ್ಮ ವಾರ್ಡುಗಳಿಗೆ ಇದನ್ನು ತರುವಾಗ ಎಡವುವ ಜಾಗ ಪತ್ರ. ಸಲಹಾ ಪೆಟ್ಟಿಗೆಗೆ ಬರುವ ಚೀಟಿಗಳು ಹೆಚ್ಚಾಗಿ ಸ್ಪೆಷಲ್ ರೂಮಿನಿಂದ ಬರುತ್ತವೆ. ಜನರಲ್ ವಾರ್ಡಿನ ತಾಯಿಗೆ ಬರೆಯಲು ಬಾರದಿರಬಹುದು, ಬಂದರೂ ಆಸ್ಪತ್ರೆಯಲ್ಲಿ ಮಲಗಿರುವಾಗ ನರ್ಸಿನ ಬಗ್ಗೆ ಬರೆಯಲು ಅಳುಕುತ್ತಾರೆ. ಬರೆದವರೂ ಹೊಗಳುವುದು ನಗುಮುಖವನ್ನು, ಕಲಿಸಿದ್ದನ್ನಲ್ಲ. ನಗುಮುಖ ಬೇಕು, ನಿಜ. ಆದರೆ ನಾವು ಹುಡುಕುತ್ತಿರುವುದು ಬೇರೆಯದು.

ಇದಕ್ಕೆ ನಾವು ಕಂಡುಕೊಂಡ ಪರಿಹಾರ ಫೋನು. ಮನೆಗೆ ಹೋಗಿ ಒಂದು ವಾರವಾದ ಮೇಲೆ, ಆ ವಾರ್ಡಿಗೆ ಸಂಬಂಧವಿಲ್ಲದ ಒಬ್ಬರು ಕರೆ ಮಾಡಿ ಎರಡೇ ಪ್ರಶ್ನೆ ಕೇಳುತ್ತಾರೆ. ‘ಮನೆಯಲ್ಲಿ ಏನು ಮಾಡಬೇಕೆಂದು ನಿಮಗೆ ಯಾರು ಹೇಳಿಕೊಟ್ಟರು?’ ‘ಏನು ಹೇಳಿಕೊಟ್ಟರು, ನನಗೂ ಹೇಳುತ್ತೀರಾ?’ ಮೊದಲ ಉತ್ತರದಿಂದ ಹೆಸರು ಸಿಗುತ್ತದೆ. ಎರಡನೆಯದರಿಂದ ಆ ಹೆಸರಿಗೆ ಅರ್ಹತೆ ಇದೆಯೇ ಎಂದು ತಿಳಿಯುತ್ತದೆ. ತಪ್ಪು ಹೇಳಿದರೆ ಅಲ್ಲೇ ಫೋನಿನಲ್ಲೇ ತಿದ್ದಬಹುದು, ಅದು ರೋಗಿಗೆ ಆಗುವ ಲಾಭ. ಹೆಸರು ಗೊತ್ತಿಲ್ಲದವರು ‘ಉದ್ದ ಜಡೆಯ ಅಕ್ಕ’, ‘ಕನ್ನಡಕದ ಸಿಸ್ಟರ್’ ಎನ್ನುತ್ತಾರೆ. ಅಷ್ಟು ಸಾಕು, ವಾರ್ಡಿನವರಿಗೆ ಗೊತ್ತಾಗುತ್ತದೆ.

ಹೀಗೆ ಕೇಳತೊಡಗಿದ ಮೇಲೆ ನಾವು ಯಾರೂ ಎಣಿಸದ ಒಂದು ಹೆಸರು ಮತ್ತೆ ಮತ್ತೆ ಬಂತು. ಹೆರಿಗೆ ವಾರ್ಡಿನ ಆಯಾ. ತಾಂಡಾಗಳಿಂದ ಬರುವ ಬಾಣಂತಿಯರಿಗೆ ನರ್ಸುಗಳ ಕನ್ನಡ ಅರ್ಧ ತಿಳಿಯುತ್ತಿತ್ತು, ಕೇರಳದಿಂದ ಬಂದ ಹೊಸ ಸಿಸ್ಟರ್‌ಗಳ ಕನ್ನಡವಂತೂ ತಿಳಿಯುತ್ತಲೇ ಇರಲಿಲ್ಲ. ಆ ಆಯಾ ಲಂಬಾಣಿಯಲ್ಲಿ ಮಾತಾಡುತ್ತಿದ್ದರು. ಗಿಣ್ಣುಹಾಲನ್ನು ಹಿಂಡಿ ಚೆಲ್ಲಬಾರದು, ಅದೇ ಮಗುವಿಗೆ ಮೊದಲ ರಕ್ಷೆ ಎಂದು ನರ್ಸು ಹೇಳಿದ್ದನ್ನು ಅವರ ಮಾತಿಗೆ ತಂದು, ಅತ್ತೆಯಂದಿರ ಎದುರು ನಿಂತು ವಾದಿಸುತ್ತಿದ್ದರು. ಕಡಿಮೆ ತೂಕದ ಕೂಸನ್ನು ಎದೆಗೆ ಕಟ್ಟಿಕೊಳ್ಳುವುದನ್ನು ತಮ್ಮ ಸೀರೆಯ ಸೆರಗಿನಲ್ಲೇ ತೋರಿಸುತ್ತಿದ್ದರು. ಯಾವ ರಿಜಿಸ್ಟರಿನಲ್ಲೂ ಅವರ ಹೆಸರು ಇರಲಿಲ್ಲ. ಬೀದರಿನಿಂದ ಬಳ್ಳಾರಿಯವರೆಗೆ ಉರ್ದು, ತೆಲುಗು, ಲಂಬಾಣಿ, ಬೆಳಗಾವಿಯಲ್ಲಿ ಮರಾಠಿ, ಕರಾವಳಿಯಲ್ಲಿ ತುಳು, ಬ್ಯಾರಿ, ಕೊಂಕಣಿ ಇರುವ ನಾಡಿನಲ್ಲಿ ಇಂಥವರು ಪ್ರತಿ ಆಸ್ಪತ್ರೆಯಲ್ಲೂ ಇರಲೇಬೇಕು. ಅವರನ್ನು ಹೊರತಂದು ತೋರಿಸಿದ್ದು ರೋಗಿಯನ್ನು ಕೇಳುವ ಈ ದಾರಿ ಒಂದೇ. ಉಳಿದ ಯಾವುದರಿಂದಲೂ ಆಗಿರಲಿಲ್ಲ. ಆದರೆ ಒಂದು ಎಚ್ಚರ ಬೇಕು: ಆಯಾ ಹೇಳುವುದು ಸರಿಯಾಗಿದೆಯೇ ಎಂದು ನೋಡಿ, ಅವರಿಗೂ ತರಬೇತಿ ಕೊಟ್ಟು, ಆಮೇಲೆ ಗೌರವಿಸಬೇಕು.

ಮನೆಯವರಿಗೆ ಕಲಿಸುವುದನ್ನೇ ಮುಖ್ಯ ಕೆಲಸವಾಗಿ ಹಿಡಿದ ನೂರಾ ಹೆಲ್ತ್ ಸಂಸ್ಥೆಯ ಪ್ರಯತ್ನ ಆರಂಭವಾದದ್ದು ನಮ್ಮಲ್ಲೇ, ನಾರಾಯಣ ಆಸ್ಪತ್ರೆಗಳಲ್ಲಿ. ಅಲ್ಲಿಂದ ಅದು ಸರ್ಕಾರಿ ಆಸ್ಪತ್ರೆಗಳಿಗೂ ಹೋಯಿತು. ಆಸ್ಪತ್ರೆಯ ನರ್ಸುಗಳೇ ಅಲ್ಲಿ ಕಲಿಸುವವರು. ಕಾಯುತ್ತ ಕುಳಿತ ಮನೆಯವರು ಕಲಿಯಬಲ್ಲವರು ಎಂಬ ನಂಬಿಕೆಯೇ ಅದರ ಬುನಾದಿ; ನಮ್ಮ ಗೌರವವೂ ಅಲ್ಲಿಂದಲೇ ಹುಟ್ಟಬೇಕು.

ವಾರ್ಡುಗಳ ನಡುವೆ ಸ್ಪರ್ಧೆ

ಚಾರ್ಟು, ಕಿರುನಾಟಕ, ರಸಪ್ರಶ್ನೆ. ನರ್ಸಿಂಗ್ ಕಾಲೇಜು ಜೊತೆಗಿದ್ದರೆ ಇದಕ್ಕೆ ಕಳೆ ಕಟ್ಟುತ್ತದೆ. ಸಾಮಾನ್ಯವಾಗಿ ಆಗುವ ತಪ್ಪು ತೀರ್ಪುಗಾರರ ಆಯ್ಕೆಯಲ್ಲಿ. ಪ್ರಾಂಶುಪಾಲರು, ವೈದ್ಯರು ತೀರ್ಪು ಕೊಟ್ಟರೆ ಗೆಲ್ಲುವುದು ಅಂದವಾದ ಅಕ್ಷರ, ಥರ್ಮೋಕೋಲಿನ ಹೃದಯ, ಇಂಗ್ಲಿಷ್ ಶೀರ್ಷಿಕೆ.

ತೀರ್ಪುಗಾರರನ್ನು ಬದಲಿಸಿ ನೋಡಿ. ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕಾಯುತ್ತಿರುವ ಒಬ್ಬರನ್ನು ಕರೆಯಿರಿ. ಸ್ಪರ್ಧಿ ಐದು ನಿಮಿಷ ಓಆರ್‌ಎಸ್ ಬೆರೆಸುವುದನ್ನು ಹೇಳಿಕೊಡಲಿ. ಅನಂತರ ಪೊಟ್ಟಣ, ಪಾತ್ರೆ, ನೀರು ಮುಂದಿಟ್ಟು ಆ ಅತಿಥಿಯೇ ಮಾಡಲಿ. ಪೂರ್ತಿ ಪೊಟ್ಟಣವನ್ನು ಒಂದು ಲೀಟರಿಗೆ ಹಾಕಿದರೇ, ಅರ್ಧ ಪೊಟ್ಟಣವನ್ನು ಲೋಟಕ್ಕೆ ಸುರಿದರೇ? 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಬೇಕೆಂದು ಹೇಳಿದರೇ? ಅವರ ಕೈ ಸರಿಯಾಗಿ ನಡೆದರೆ ಸ್ಪರ್ಧಿ ಗೆದ್ದಂತೆ. ನೋಡುತ್ತ ನಿಂತ ನಲವತ್ತು ಜನರೂ ಆ ಹೊತ್ತಿಗೆ ಓಆರ್‌ಎಸ್ ಕಲಿತಿರುತ್ತಾರೆ.

ಹೊಣೆ ಮತ್ತು ಕಲಿಕೆ

ಚೆನ್ನಾಗಿ ಕಲಿಸುವವರನ್ನು ಮಧುಮೇಹ ಶಿಕ್ಷಕಿಯ ತರಬೇತಿಗೆ ಕಳುಹಿಸುವುದು, ನರ್ಸುಗಳ ಮುಂದುವರಿದ ಕಲಿಕೆಯ (ಸಿಎನ್‌ಇ) ಕಾರ್ಯಕ್ರಮದಲ್ಲಿ ಅವರಿಂದಲೇ ಪಾಠ ಮಾಡಿಸುವುದು, ಹೊಸಬರ ತರಬೇತಿಯ ಹೊಣೆ ಕೊಡುವುದು. ಯುವ ನರ್ಸುಗಳು ಶಾಲಿಗಿಂತ ಇದನ್ನು ಹೆಚ್ಚು ಬಯಸುತ್ತಾರೆ, ಬಯೋಡೇಟಾದಲ್ಲಿ ಉಳಿಯುತ್ತದೆ. ಅಪಾಯ ಒಂದಿದೆ. ಒಬ್ಬರಿಗೆ ‘ಶಿಕ್ಷಕಿ’ ಎಂಬ ಹುದ್ದೆ ಬಂದ ಮರುದಿನದಿಂದ ಉಳಿದವರು ಕೈ ತೊಳೆದುಕೊಳ್ಳುತ್ತಾರೆ. ‘ಅದನ್ನು ಅವರು ಬಂದು ಹೇಳುತ್ತಾರೆ’ ಎಂಬ ಮಾತು ವಾರ್ಡಿನಲ್ಲಿ ಕೇಳತೊಡಗಿದರೆ ಹೊಣೆಯ ಹಂಚಿಕೆ ತಪ್ಪಿದೆ ಎಂದೇ ತಿಳಿಯಿರಿ. ಆ ಹುದ್ದೆಯವರು ಅರ್ಧ ಹೊತ್ತು ರೋಗಿಗೂ ಅರ್ಧ ಹೊತ್ತು ಸಹೋದ್ಯೋಗಿಗಳಿಗೂ ಕಲಿಸಬೇಕು.

ಮಾನ್ಯತೆಯ ದಾರಿ

ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯ ಮಾನದಂಡಗಳಲ್ಲಿ ರೋಗಿಗಳ ಹಕ್ಕು ಮತ್ತು ಶಿಕ್ಷಣಕ್ಕೆಂದೇ ಒಂದು ಅಧ್ಯಾಯವಿದೆ. ಸರ್ಕಾರಿ ಆಸ್ಪತ್ರೆಗಳ ರಾಷ್ಟ್ರೀಯ ಗುಣಮಟ್ಟ ಮಾನದಂಡವಾದ ಎನ್‌ಕ್ಯೂಎಎಸ್‌ನ ಎಂಟು ವಿಭಾಗಗಳಲ್ಲಿ ರೋಗಿಗಳ ಹಕ್ಕೂ ಒಂದು. ಆಡಳಿತ ಮಂಡಳಿ ಕಿವಿಗೊಡುವಂತೆ ಮಾಡಲು ಇದಕ್ಕಿಂತ ಬಲವಾದ ವಾದ ಇಲ್ಲ; ತಪಾಸಣೆಗೆ ಬಂದವರು ನೇರವಾಗಿ ರೋಗಿಯನ್ನೇ ಮಾತಾಡಿಸುತ್ತಾರೆ. ಆದರೆ ಇದು ಆಸ್ಪತ್ರೆಗೆ ಸಲ್ಲುವ ಮಾನ್ಯತೆ, ವ್ಯಕ್ತಿಗಲ್ಲ. ಫಲಕ ಬಂದ ದಿನ ಅದರ ಹಿಂದೆ ಯಾವ ವಾರ್ಡಿನ ಯಾರು ಇದ್ದರು ಎಂದು ಹೆಸರು ಹೇಳಿ ಓದದಿದ್ದರೆ ಸಿಬ್ಬಂದಿಯ ನೆನಪಿನಲ್ಲಿ ಉಳಿಯುವುದು ತಪಾಸಣೆಯ ಹಿಂದಿನ ವಾರದ ನಿದ್ದೆಗೇಡು ಮಾತ್ರ.

ಬಿಡುವು

ರೋಗಿಯನ್ನು ಕೇಳುವ ದಾರಿ ಎಷ್ಟೇ ಪ್ರಿಯವಾದರೂ, ಒಂದನ್ನೇ ಆರಿಸಿ ಎಂದರೆ ನಾನು ಆರಿಸುವುದು ಇದನ್ನು.

ಜನರಲ್ ವಾರ್ಡಿನಲ್ಲಿ ಬೆಳಗಿನ ಪಾಳಿ ಎಂದರೆ ಇಂಜೆಕ್ಷನ್, ರೌಂಡ್ಸ್, ಡ್ರೆಸ್ಸಿಂಗ್, ಲ್ಯಾಬಿಗೆ ಸ್ಯಾಂಪಲ್, ಹೊಸ ಅಡ್ಮಿಷನ್. ಡಿಸ್ಚಾರ್ಜ್‌ಗಳೂ ಅದೇ ಹೊತ್ತಿಗೆ. ಬಿಲ್ಲಿಗೆ ಒಬ್ಬರು ಓಡುತ್ತಿರುತ್ತಾರೆ, ಊರಿನ ಬಸ್ಸಿಗೆ ಹೊತ್ತಾಯಿತೆಂದು ಇನ್ನೊಬ್ಬರು ಚೀಲ ಕಟ್ಟುತ್ತಿರುತ್ತಾರೆ. ಆ ಗದ್ದಲದಲ್ಲಿ ಹೇಳಿದ ಮಾತು ಯಾರ ಕಿವಿಗೂ ಇಳಿಯುವುದಿಲ್ಲ. ಚೆನ್ನಾಗಿ ಕಲಿಸುವ ನರ್ಸುಗಳು ಏನು ಮಾಡುತ್ತಾರೆ ಗೊತ್ತೇ? ತಮ್ಮ ಊಟದ ಹೊತ್ತನ್ನು ಕೊಡುತ್ತಾರೆ, ಪಾಳಿ ಮುಗಿದ ಮೇಲೆ ನಿಲ್ಲುತ್ತಾರೆ. ಅಂಥವರಿಗೆ ವರ್ಷಕ್ಕೊಂದು ಹಾರ ಹಾಕಿ, ಡ್ಯೂಟಿ ಪಟ್ಟಿಯಲ್ಲಿ ಮಾತ್ರ ಏನನ್ನೂ ಬದಲಿಸದಿದ್ದರೆ ಆ ಹಾರದಿಂದ ಅವರಿಗೆ ಏನು ಸಿಕ್ಕಂತಾಯಿತು?

ಬಿಡುವು ಕೊಡುವುದು ಎಂದರೆ, ಮಧ್ಯಾಹ್ನದ ಪಾಳಿಯಲ್ಲಿ ವಾರ್ಡ್ ತುಸು ತಣ್ಣಗಾಗುವ ಹೊತ್ತು ನೋಡಿ, ಭೇಟಿಯ ಸಮಯಕ್ಕೆ ಹೊಂದಿಸಿ, ಒಬ್ಬರನ್ನು ಮುಕ್ಕಾಲು ಗಂಟೆ ಬೇರೆ ಯಾವ ಕೆಲಸಕ್ಕೂ ಕರೆಯದಿರುವುದು. ಮರುದಿನ ಮನೆಗೆ ಹೋಗುವವರನ್ನೂ ಅವರ ಮನೆಯವರನ್ನೂ ಆಗಲೇ ಕೂರಿಸಿಕೊಳ್ಳುವುದು. ಡ್ಯೂಟಿ ಪಟ್ಟಿಯಲ್ಲಿ ಅದಕ್ಕೆ ಒಂದು ಕಾಲಂ ಇರಬೇಕು, ಇನ್‌ಚಾರ್ಜ್ ಸಿಸ್ಟರ್ ಅದನ್ನು ಕಾಯಬೇಕು. ದುಬಾರಿ ದಾರಿ ಎಂದು ಮಾಲೀಕರು ಹೇಳುತ್ತಾರೆ. ದುಬಾರಿ ಹೌದು. ಮುಕ್ಕಾಲು ಗಂಟೆಯ ಸಂಬಳ ಲೆಕ್ಕ ಹಾಕುವವರು, ಗಾಯ ನೋಡಿಕೊಳ್ಳುವುದು ತಿಳಿಯದೆ ಕೀವು ತುಂಬಿಸಿಕೊಂಡು ಮರಳಿ ಬರುವ ರೋಗಿಯ ಖರ್ಚನ್ನೂ ಅದೇ ಹಾಳೆಯಲ್ಲಿ ಬರೆಯಬೇಕು.

ನಿಮ್ಮ ಆಸ್ಪತ್ರೆಗೆ ಯಾವುದು?

ಇಪ್ಪತ್ತು ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮ್ ಆದರೆ ಸಮಾರಂಭ, ಸ್ಪರ್ಧೆ ಯಾವುದೂ ಬೇಡ. ಎಂಟು ಹತ್ತು ಸಿಬ್ಬಂದಿಯ ನಡುವೆ ಒಬ್ಬರನ್ನು ಎತ್ತಿ ಹಿಡಿದರೆ ಉಳಿದವರ ಮನಸ್ಸು ಮುರಿಯುತ್ತದೆ. ವಾರದ ಫೋನ್ ಕರೆ ಸಾಕು. ಬಂದ ಒಳ್ಳೆಯ ಮಾತನ್ನು ಎಲ್ಲರ ಎದುರು ಓದಿ. ಇದಕ್ಕಿಂತ ದೊಡ್ಡದೊಂದು ಸನ್ಮಾನ ವೈದ್ಯರ ಬಾಯಲ್ಲೇ ಇದೆ. ರೌಂಡ್ಸಿನಲ್ಲಿ ರೋಗಿ ಏನನ್ನಾದರೂ ಕೇಳಿದಾಗ, ‘ಇದನ್ನು ಸಿಸ್ಟರ್ ಹೇಳಿಕೊಡುತ್ತಾರೆ, ಅವರು ಹೇಳಿದ ಹಾಗೆಯೇ ಮಾಡಿ’ ಎಂದು ಅವರತ್ತ ತಿರುಗಿ ನಿಲ್ಲುವ ವೈದ್ಯರನ್ನು ನಾನು ಕಂಡಿದ್ದೇನೆ. ಅಂದಿನಿಂದ ಆ ಸಿಸ್ಟರ್‌ನ ಮಾತಿಗೆ ರೋಗಿಯ ಎದುರು ಬರುವ ತೂಕವನ್ನು ಯಾವ ಫಲಕದಿಂದಲೂ ತರಲಾಗದು.

ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಬೇಕಾದದ್ದು ಕಾಯಂ ಮತ್ತು ಗುತ್ತಿಗೆಯ ಗೆರೆ. ಕಾಯಂ ಸಿಬ್ಬಂದಿಗೆ ಮಾತ್ರ ಅನ್ವಯಿಸುವ ಗೌರವವನ್ನು ಆರಿಸಿದರೆ ಅರ್ಧ ಜನ ಹೊರಗೆ ಉಳಿಯುತ್ತಾರೆ. ಹಾಗಾಗಿ ತಂಡದ ಗೌರವವೇ ಅಲ್ಲಿ ಸರಿ. ಅಳೆಯಲು ಹೊಸ ರಿಜಿಸ್ಟರ್ ಬೇಕಿಲ್ಲ, ಇರುವುದರಲ್ಲೇ ಹುಡುಕಿ. ನಾಯಿ ಕಚ್ಚಿದವರ ಲಸಿಕೆಯ ಪುಸ್ತಕ ಇಂಜೆಕ್ಷನ್ ಕೊಠಡಿಯಲ್ಲಿ ಇದ್ದೇ ಇರುತ್ತದೆ. ಚರ್ಮದ ಪದರಕ್ಕೆ ಕೊಡುವ ರೇಬೀಸ್ ಲಸಿಕೆಗೆ 0, 3, 7 ಮತ್ತು 28ನೇ ದಿನ ಬರಬೇಕು. 28ನೇ ದಿನಕ್ಕೆ ಎಷ್ಟು ಜನ ತಪ್ಪದೆ ಬಂದರು ಎಂಬ ಲೆಕ್ಕವೇ, ಮೊದಲ ದಿನ ಅಲ್ಲಿ ಕುಳಿತವರು ಎಷ್ಟು ಚೆನ್ನಾಗಿ ತಿಳಿಸಿ ಹೇಳಿದರು ಎಂಬುದಕ್ಕೆ ಸಾಕ್ಷಿ. ಆ ಸಂಖ್ಯೆ ಏರಿದ ತಿಂಗಳು ಆಡಳಿತ ವೈದ್ಯಾಧಿಕಾರಿಗಳು ಆ ಕೊಠಡಿಗೆ ತಾವಾಗಿಯೇ ಹೋಗಿ ಕೃತಜ್ಞತೆ ಹೇಳಲಿ.

ಬೋಧನಾ ಆಸ್ಪತ್ರೆಗೆ ಬೆಂಚಿನ ತೀರ್ಪುಗಾರರ ಸ್ಪರ್ಧೆ ಮತ್ತು ಕಲಿಕೆಯ ಅವಕಾಶ ಎರಡೂ ಒಗ್ಗುತ್ತವೆ. ವಿದ್ಯಾರ್ಥಿಗಳು ನೋಡಿ ಕಲಿಯುವುದರಿಂದ ಅಲ್ಲಿ ಕೊಟ್ಟ ಗೌರವ ಮುಂದಿನ ನೂರು ಆಸ್ಪತ್ರೆಗಳಿಗೆ ಹೋಗುತ್ತದೆ.

ಎಲ್ಲಿಯೇ ಆಗಲಿ, ಮೊದಲ ಮೂರು ತಿಂಗಳು ಒಂದೇ ವಾರ್ಡಿನಲ್ಲಿ ಒಂದೇ ವಿಷಯ ಹಿಡಿದು ಶುರುಮಾಡಿ: ಆ ಮುಕ್ಕಾಲು ಗಂಟೆ, ಆ ಎರಡು ಪ್ರಶ್ನೆಯ ಫೋನು. ಪ್ರಮಾಣಪತ್ರ ಬರೆಯುವಾಗ ‘ಉತ್ತಮ ಸೇವೆಗಾಗಿ’ ಎಂಬುದನ್ನು ಕೈಬಿಟ್ಟು ಹೀಗೆ ಬರೆಯಿರಿ: ‘ಮಹಿಳಾ ವಾರ್ಡಿನಲ್ಲಿ ಈ ತಿಂಗಳು ಇವರಿಂದ ಇನ್ಸುಲಿನ್ ಕಲಿತ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಮನೆಗೆ ಹೋದ ವಾರದ ನಂತರವೂ ಎಲ್ಲ ಹಂತಗಳನ್ನು ಸರಿಯಾಗಿ ಹೇಳಿದರು. ಅವರಲ್ಲಿ ಒಬ್ಬ ತಾಯಿಯ ಮಾತು...’ ಅದರ ಮುಂದೆ ಆ ತಾಯಿ ಫೋನಿನಲ್ಲಿ ಹೇಳಿದ ಮಾತನ್ನು ತಿದ್ದದೆ, ಅವರ ನುಡಿಯಲ್ಲೇ ಬರೆಯಿರಿ. ಒಂದು ಪ್ರತಿ ಸಿಬ್ಬಂದಿಯ ಕೈಗೆ, ಇನ್ನೊಂದು ಅವರ ಸೇವಾ ಕಡತಕ್ಕೆ.